ಕೊನೇ ಬಸ್ಸು 5:20ಕ್ಕೆ. ಕಾಡುಬೆಟ್ಟ ಹತ್ತಿ ಆ ಕಡೆ ಇಳಿಯಬಹುದಾ?

ಹೊಸಹೆಜ್ಜೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದಲು ಶುರು ಮಾಡಿ ಬಹಳ ದಿನ ಆಯಿತು, ಬರೆಯುತ್ತಿರುವುದು ಮೊದಲ ಸಲ. ನನ್ನ ಹತ್ತಿರ ಕಾರೂ ಇಲ್ಲ, ಬೈಕೂ ಇಲ್ಲ. ಓಡಿಸಲೂ ಬರುವುದಿಲ್ಲ. ಇದುವರೆಗೆ ಹತ್ತಿದ್ದೆಲ್ಲ ಸಣ್ಣ ಗುಡ್ಡಗಳು. ಬಸ್ಸಿಳಿದು ಹತ್ತುವುದು, ಅದೇ ದಾರಿಯಲ್ಲಿ ಇಳಿಯುವುದು, ಅದೇ ಸ್ಟಾಪಿನಲ್ಲಿ ಬಸ್ ಹಿಡಿದು ವಾಪಸ್. ಈ ಸಲ ಬೆಟ್ಟ ದಾಟಬೇಕು ಅಂತ ಆಸೆ.

ದಾರಿ ಒಟ್ಟು 14 ಕಿ.ಮೀ. ಬಹುಪಾಲು ಕಾಡು, ಬೆಟ್ಟದ ಬೆನ್ನಿನ ಮೇಲೆ ಮಾತ್ರ ಒಂದಿಷ್ಟು ಬಯಲು. ಈ ಕಡೆ ಪೇಟೆ. ಇಲ್ಲಿಂದ 9 ಕಿ.ಮೀ. ನಿಧಾನವಾದ ಏರು, 750 ಮೀಟರ್ ಎತ್ತರಕ್ಕೆ. ಆ ಕಡೆ 5 ಕಿ.ಮೀ.ನಲ್ಲಿ 820 ಮೀಟರ್ ಇಳಿಯಬೇಕು, ಕೆಳಗೆ ಒಂದು ಹಳ್ಳಿ. ಪೇಟೆಗೆ ಅರ್ಧ ಗಂಟೆಗೊಂದು ಬಸ್ಸು, ರಾತ್ರಿ 8ರವರೆಗೂ. ಹಳ್ಳಿಗೆ ದಿನಕ್ಕೆ ನಾಲ್ಕೇ. ಕೊನೆಯದು ಸಂಜೆ 5:20ಕ್ಕೆ.

ಬೆಳಿಗ್ಗೆ 8:10ಕ್ಕೆ ಪೇಟೆ ಕಡೆಯಿಂದ ಹೊರಟರೆ ಕೊನೇ ಬಸ್ಸಿಗೆ 9 ಗಂಟೆ 10 ನಿಮಿಷ ಸಿಗುತ್ತದೆ. ಸಾಕಲ್ವಾ? ಸೂರ್ಯ ಮುಳುಗುವುದು 6:15ಕ್ಕೆ. ನಾನೊಬ್ಬಳೇ ಅಲ್ಲ, ಜೊತೆಗೆ ಗೆಳತಿ ಇರುತ್ತಾಳೆ.

ಅಳತೆಗೋಲು

ಸಾಕು, ಬೇಕಾದಷ್ಟಾಯಿತು. ಲೆಕ್ಕ ಹಾಕಿಯೇ ಬಿಡೋಣ.

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಚಾಲ್ತಿಯಲ್ಲಿದೆ. 5 ಕಿ.ಮೀ.ಗೆ ಒಂದು ಗಂಟೆ. ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ 14 ಕಿ.ಮೀ.ಗೆ 2 ಗಂಟೆ 48 ನಿಮಿಷ, 750 ಮೀಟರ್ ಏರಿಗೆ 1 ಗಂಟೆ 15 ನಿಮಿಷ. ಒಟ್ಟು 4 ಗಂಟೆ 3 ನಿಮಿಷ. ಮಧ್ಯಾಹ್ನ 12:15ರ ಆಸುಪಾಸಿಗೆ ಕೆಳಗಿರುತ್ತೀರಿ. ಕೊನೇ ಬಸ್ಸು ಯಾಕೆ, ಅದರ ಹಿಂದಿನದೇ ಸಿಗುತ್ತದೆ.

ಇಳಿಜಾರು

ಸಾರ್, ನಿಮ್ಮ ಕೂಡುವ ಲೆಕ್ಕ ಸರಿ. ಆದರೆ ನಡೆಯುವವರು ಯಾರು ಅಂತ ಕೇಳಲಿಲ್ಲ.

ನೇಸ್ಮಿತ್ ಲೆಕ್ಕ ಗಟ್ಟಿ ಕಾಲಿನವರದ್ದು, ನಿಲ್ಲದೆ ನಡೆಯುವವರದ್ದು. ಅದೂ ದಾರಿ ಚೆನ್ನಾಗಿದ್ದರೆ. ಕಾಡಿನಲ್ಲಿ ಬೇರು, ಒದ್ದೆ ಎಲೆ, ಜಾರುವ ಕಲ್ಲು, ಅಡ್ಡ ಬಿದ್ದ ಮರ. ವಾಲ್ಡೋ ಟೋಬ್ಲರ್ ಎಂಬ ಭೂಗೋಳ ತಜ್ಞರು 1993ರಲ್ಲಿ ಇಳಿಜಾರಿಗೆ ತಕ್ಕಂತೆ ನಡಿಗೆಯ ವೇಗ ಹೇಳುವ ಇನ್ನೊಂದು ಸೂತ್ರ ಕೊಟ್ಟರು. ಅದರಲ್ಲಿ ದಾರಿ ಬಿಟ್ಟು ನಡೆದರೆ ವೇಗ ಐದರಲ್ಲಿ ಮೂರು ಪಾಲಿಗೆ ಇಳಿಯುತ್ತದೆ. ನಿಮ್ಮದು ದಾರಿಯೇ ಇರಬಹುದು. ಆದರೆ ಕಾಡುದಾರಿ ಅರ್ಧ ದಾರಿ, ಅರ್ಧ ಕಾಡು ಅಂತ ಇಟ್ಟುಕೊಳ್ಳಿ.

ನಾನು ಹೊಸಬರ ಜೊತೆ ಹೋಗುವಾಗ ನೇಸ್ಮಿತ್ ಲೆಕ್ಕವನ್ನು ಒಂದೂವರೆ ಪಟ್ಟು ಮಾಡುತ್ತೇನೆ. 4 ಗಂಟೆ 3 ನಿಮಿಷ ಹೋಗಿ 6 ಗಂಟೆ 5 ನಿಮಿಷ ಆಯಿತು. ಕೂರಲು, ತಿನ್ನಲು, ಫೋಟೋಗೆ ಒಂದು ಗಂಟೆ. ಇನ್ನು ಕಡಿದಾದ ಇಳಿತ. ಇಳಿಯುವುದು ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸಣ್ಣ ಇಳಿಜಾರಿನಲ್ಲಿ ನಿಜ, ಸಮಯ ಉಳಿಯುತ್ತದೆ. 12 ಡಿಗ್ರಿಗಿಂತ ಜಾಸ್ತಿ ಕಡಿದಾದರೆ ಉಲ್ಟಾ, ಪ್ರತಿ 300 ಮೀಟರ್ ಇಳಿತಕ್ಕೆ 10 ನಿಮಿಷ ಕೂಡಿಸಬೇಕು. ಇಲ್ಲಿ ಎಲ್ಲ ಕಡೆ ಅಷ್ಟು ಕಡಿದಲ್ಲ, ಒಂದು 20 ನಿಮಿಷ ಹಾಕಿ. ಒಟ್ಟು ಏಳೂವರೆ ಗಂಟೆಗೆ ಐದು ನಿಮಿಷ ಕಮ್ಮಿ. ಕೆಳಗೆ ಮುಟ್ಟುವುದು 3:35ಕ್ಕೆ.

ಕೈಯಲ್ಲಿ ಉಳಿದದ್ದು 1 ಗಂಟೆ 45 ನಿಮಿಷ. ಒಂದು ಸಲ ದಾರಿ ತಪ್ಪಿ, ಒಂದು ಸಲ ಕಾಲು ಉಳುಕಿದರೆ ಅದು ಖಾಲಿ.

ಹೊಸಹೆಜ್ಜೆ

ಅಯ್ಯೋ, ಒಬ್ಬರು 12:15 ಅಂತೀರಿ, ಇನ್ನೊಬ್ಬರು 3:35 ಅಂತೀರಿ. ಯಾರ ಮಾತು ಕೇಳಲಿ?

ಇಳಿಜಾರು

ನಿಮ್ಮ ಕಾಲಿನ ಮಾತು ಕೇಳಿ. ಹಿಂದೆ ಹತ್ತಿದ ಗುಡ್ಡಗಳಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ನೆನಪಿದೆಯಾ? ಅದಕ್ಕೆ ನೇಸ್ಮಿತ್ ಲೆಕ್ಕ ಹಾಕಿ. ಅದಕ್ಕಿಂತ ಎಷ್ಟು ಪಟ್ಟು ಹಿಡಿಯಿತೋ ಅದೇ ನಿಮ್ಮ ಸಂಖ್ಯೆ. ಎಲ್ಲ ಬೆಟ್ಟಕ್ಕೂ ಅದನ್ನೇ ಗುಣಿಸಿ.

ಹೊಸಹೆಜ್ಜೆ

ಫೋಟೋಗಳ ಸಮಯ ನೋಡಿ ಲೆಕ್ಕ ಹಾಕಿದೆ. 1.6 ಬಂತು, ಕೂತ ಹೊತ್ತೂ ಸೇರಿ. ಇಳಿಜಾರು ಅವರೇ ಗೆದ್ದರು.

ಕೊನೆಸೀಟು

ಇಷ್ಟೆಲ್ಲ ಲೆಕ್ಕ ಆಯಿತು, ಬಸ್ಸಿನ ಬಗ್ಗೆ ಯಾರೂ ಮಾತಾಡಲಿಲ್ಲ. ಮೇಡಂ, ನಿಮ್ಮ ದಾರಿ ಸರಿ ಇದೆ, ದಿಕ್ಕು ತಪ್ಪಾಗಿದೆ. ತಿರುಗಿಸಿ.

ಕಮ್ಮಿ ಬಸ್ಸಿರುವ ಕಡೆಯಿಂದ ಹತ್ತಬೇಕು, ಜಾಸ್ತಿ ಬಸ್ಸಿರುವ ಕಡೆಗೆ ಇಳಿಯಬೇಕು. ಬೆಳಿಗ್ಗೆ ಬಸ್ ತಡವಾದರೂ ನಾವು ಸ್ಟ್ಯಾಂಡಿನಲ್ಲಿ ಜನರ ಮಧ್ಯೆ ಇರುತ್ತೇವೆ. ಬರಲೇ ಇಲ್ಲ ಅಂದರೆ ಮನೆಗೆ ಹೋಗಿ ಮಲಗಬಹುದು. ಸಂಜೆ ಹಾಗಲ್ಲ. ಸುಸ್ತಾಗಿರುತ್ತದೆ, ಮೈ ಒದ್ದೆ, ಕತ್ತಲಾಗುತ್ತಿರುತ್ತದೆ. ಆ ಹೊತ್ತಿಗೆ ಒಂದೇ ಒಂದು ಬಸ್ಸನ್ನು ನಂಬಿಕೊಂಡು ಕೂರಬಾರದು.

ಇನ್ನೊಂದು ವಿಷಯ. ಆ 5:20 ಅನ್ನುವುದು ಯಾವ ಜಾಗದ ಸಮಯ? ವೇಳಾಪಟ್ಟಿಯಲ್ಲಿ ಬಹಳ ಸಲ ಇರುವುದು ಬಸ್ ಹೊರಡುವ ಊರಿನ ಸಮಯ. ನಡುವಿನ ಸ್ಟಾಪುಗಳದ್ದು ಅಂದಾಜು. ಹಿಂದಿನ ಊರುಗಳಲ್ಲಿ ಜನ ಕಮ್ಮಿ ಇದ್ದರೆ ಬಸ್ ಬೇಗ ಬಂದು ಹೋಗಿಬಿಡುತ್ತದೆ. ತಡವಾದರೆ ಕಾಯಬಹುದು, ಬೇಗ ಹೋದರೆ ಏನು ಮಾಡೋದು? ಹಾಗಾಗಿ ನಡುದಾರಿಯ ಸ್ಟಾಪಿನಲ್ಲಿ ಇಪ್ಪತ್ತು ಮೂವತ್ತು ನಿಮಿಷ ಮೊದಲೇ ನಿಂತಿರಬೇಕು.

ಭಾನುವಾರದ ಪಟ್ಟಿ ಬೇರೆ, ಹಬ್ಬದ ದಿನದ ಪಟ್ಟಿ ಬೇರೆ, ಶಾಲೆಗೆ ರಜೆ ಇದ್ದಾಗ ಇನ್ನೂ ಬೇರೆ. ಶಾಲೆ ಮಕ್ಕಳಿಗೆಂದೇ ಓಡುವ ಬಸ್ಸನ್ನು ನಂಬಿಕೊಂಡು ರಜೆಯಲ್ಲಿ ಬೆಟ್ಟ ಹತ್ತಿದವರನ್ನು ನೋಡಿದ್ದೇನೆ. ಒಬ್ಬರನ್ನು ಕನ್ನಡಿಯಲ್ಲೇ ನೋಡಿದ್ದೇನೆ.

ಸ್ವಂತಗಾಡಿ

ಇಷ್ಟೊಂದು ಒದ್ದಾಟ ಯಾಕೆ? ಯಾರದ್ದಾದರೂ ಕಾರು ತಗೊಂಡು ಹೋದರೆ ಮುಗೀತು. ಯಾವಾಗ ಬೇಕಾದರೂ ಹೋಗಿ, ಯಾವಾಗ ಬೇಕಾದರೂ ಬನ್ನಿ.

ಕೊನೆಸೀಟು

ಕಾರು ಬೆಟ್ಟದ ಈ ಕಡೆ ನಿಂತಿರುತ್ತದೆ. ನೀವು ಆ ಕಡೆ ಇಳಿದರೆ ಅದೇನು ಸುತ್ತಿಕೊಂಡು ಬರುತ್ತದಾ? ಗಾಡಿ ಇದ್ದವರು ಗಾಡಿ ಹತ್ತಿರವೇ ವಾಪಸ್ ಬರಬೇಕು, ಹಗ್ಗ ಕಟ್ಟಿದ ದನದ ಹಾಗೆ. ಬೆಟ್ಟದ ಎರಡೂ ಮಗ್ಗುಲು ನೋಡುವ ಭಾಗ್ಯ ಬಸ್ಸಿನವರಿಗೇ. ಜೊತೆಗೆ ಏಳೆಂಟು ಗಂಟೆ ನಡೆದ ಕಾಲಿನಲ್ಲಿ ಕ್ಲಚ್ ಒತ್ತಬೇಕಾಗಿಲ್ಲ. ಸೀಟು ಸಿಕ್ಕಿದರೆ ನಿದ್ದೆ.

ಸ್ವಂತಗಾಡಿ

ದನದ ಹೋಲಿಕೆ ಸ್ವಲ್ಪ ಜಾಸ್ತಿ ಆಯಿತು. ಆದರೆ ಮಾತು ಒಪ್ಪಿದೆ.

ಎಲೆಮರೆ

ಬಸ್ಸಿನಲ್ಲಿ ಹೋಗಿ ಬೆಟ್ಟ ಹತ್ತುವುದು ಗತಿ ಇಲ್ಲದವರ ಕೆಲಸ ಅಂತ ಒಂದು ಭಾವನೆ ಇದೆ. ಜಗತ್ತಿನ ಕೆಲವು ಒಳ್ಳೆಯ ಚಾರಣದ ದಾರಿಗಳು ನಿಂತಿರುವುದೇ ಬಸ್ಸಿನ ಮೇಲೆ.

ಹಾಂಗ್‌ಕಾಂಗ್ ನೋಡಿ. ಗಗನಚುಂಬಿ ಕಟ್ಟಡಗಳ ಊರು ಅಂತ ಹೆಸರು. ಆದರೆ ಅಲ್ಲಿನ ನೆಲದಲ್ಲಿ ನೂರಕ್ಕೆ ಸುಮಾರು 40 ಪಾಲು ಸಂರಕ್ಷಿತ ಗುಡ್ಡಕಾಡು. 1979ರಲ್ಲಿ ತೆರೆದ ಮೆಕ್‌ಲೆಹೋಸ್ ದಾರಿ 100 ಕಿ.ಮೀ. ಉದ್ದ. ಅದನ್ನು 10 ಭಾಗ ಮಾಡಿದ್ದಾರೆ. ಪೂರ್ತಿ ನಡೆಯಲಾಗದವರು ಒಂದೊಂದು ರಜೆಗೆ ಒಂದೊಂದು ಭಾಗ ಮುಗಿಸುತ್ತಾರೆ. ದಾರಿಯುದ್ದಕ್ಕೂ 500 ಮೀಟರಿಗೊಂದು ಸಂಖ್ಯೆ ಬರೆದ ಕಂಬ. ಏನಾದರೂ ಆದರೆ ಫೋನಿನಲ್ಲಿ ಆ ಸಂಖ್ಯೆ ಹೇಳಿದರೆ ಸಾಕು, ಎಲ್ಲಿದ್ದೀರಿ ಅಂತ ಗೊತ್ತಾಗುತ್ತದೆ. ಜಪಾನಿನ ಕುಮಾನೊ ಕೊಡೊ ಯಾತ್ರೆಯ ದಾರಿಯಲ್ಲೂ ಇಂಥದ್ದೇ ಕಂಬಗಳಿವೆ. 2004ರಲ್ಲಿ ಅದು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ದೇವದಾರಿನಂಥ ಎತ್ತರದ ಮರಗಳ ಕಾಡು. ಕಾಡಿನ ಬಾಯಿಯವರೆಗೂ ಬಸ್ ಬರುತ್ತದೆ.

ಸ್ವಿಟ್ಜರ್ಲೆಂಡಿನಲ್ಲಿ ಅಂಚೆಯ ಹಳದಿ ಬಸ್ಸುಗಳು ಬೆಟ್ಟದ ಹಳ್ಳಿಗಳಿಗೆ ಹೋಗುತ್ತವೆ. ಕುರುಡು ತಿರುವುಗಳಲ್ಲಿ ಮೂರು ಸ್ವರದ ಹಾರ್ನ್ ಹೊಡೆಯುತ್ತವೆ. ಗುರುತು ಹಾಕಿದ ಕಾಲುದಾರಿ ಆ ಸಣ್ಣ ದೇಶದಲ್ಲಿ 65,000 ಕಿ.ಮೀ.ಗೂ ಜಾಸ್ತಿ ಇದೆ. ಅಲ್ಲಿನ ಹಳದಿ ಹಲಗೆಗಳ ಮೇಲೆ ದೂರದ ಬದಲು ಎಷ್ಟು ಹೊತ್ತು ಅಂತ ಬರೆದಿರುತ್ತದೆ. ನನಗೆ ಬಹಳ ಇಷ್ಟವಾದ ಪದ್ಧತಿ. ಬಸ್ಸಿಗೆ ಹೋಗುವವನಿಗೆ ಬೇಕಾದದ್ದು ಕಿಲೋಮೀಟರಲ್ಲ, ಗಂಟೆ.

ಇಳಿಜಾರು

ಒಂದು ಎಚ್ಚರಿಕೆ ಸೇರಿಸುತ್ತೇನೆ. ಆ ಹಲಗೆಯ ಸಮಯದಲ್ಲಿ ನಿಲ್ಲುವ ಹೊತ್ತು ಸೇರಿಲ್ಲ. ಬರೀ ನಡಿಗೆಯದ್ದು.

ಮಂಡಿನೋವು

ಅರವತ್ತು ದಾಟಿದವನು ನಾನು, ಇನ್ನೂ ಹತ್ತುತ್ತೇನೆ. ಕೊನೆಸೀಟು ಹೇಳಿದ ಹಾಗೆ ದಿಕ್ಕು ತಿರುಗಿಸಿದರೆ ಇನ್ನೊಂದು ಲಾಭ ಇದೆ ತಂಗಿ. ಕಡಿದಾದ ಮಗ್ಗುಲು ಹತ್ತುವುದಕ್ಕೆ ಬರುತ್ತದೆ, ನಿಧಾನದ ಮಗ್ಗುಲು ಇಳಿಯುವುದಕ್ಕೆ. ಹತ್ತುವಾಗ ನೋಯುವುದು ಎದೆ, ಎರಡು ನಿಮಿಷ ನಿಂತರೆ ಸರಿಹೋಗುತ್ತದೆ. ಇಳಿಯುವಾಗ ನೋಯುವುದು ಮಂಡಿ, ಅದು ನಿಂತರೆ ಸರಿಹೋಗುವುದಿಲ್ಲ.

ಇಳಿಯುವಾಗ ತೊಡೆಯ ಸ್ನಾಯು ಮೈಭಾರ ತಡೆಯುತ್ತಾ ತಡೆಯುತ್ತಾ ಉದ್ದ ಆಗಬೇಕು. ಸ್ನಾಯುವಿನ ಎಳೆಗೆ ಪೆಟ್ಟು ಬೀಳುವುದು ಅಲ್ಲೇ. ಆದ ದಿನ ಗೊತ್ತಾಗುವುದಿಲ್ಲ. ಮರುದಿನ, ಅದರ ಮರುದಿನ ಮೆಟ್ಟಿಲು ಇಳಿಯುವಾಗ ನನ್ನ ನೆನಪು ಬರುತ್ತದೆ ನೋಡಿ.

ಎರಡು ಊರುಗೋಲು ಹಿಡಿಯಿರಿ. ಮಡಚುವಂಥದ್ದು ಇರಲಿ. ಉದ್ದದ ಕೋಲು ಹಿಡಿದು ಬಸ್ ಹತ್ತಿದರೆ ಪಕ್ಕದವರ ಕಣ್ಣಿಗೆ ಅಪಾಯ.

ಅಳತೆಗೋಲು

ತಿರುಗಿಸಿದ ದಾರಿಗೆ ಹೊಸ ಲೆಕ್ಕ ಹಾಕಿದ್ದೇನೆ. ಹಳ್ಳಿಗೆ ಮೊದಲ ಬಸ್ ಎಷ್ಟಕ್ಕೆ ಮುಟ್ಟುತ್ತದೆ?

ಹೊಸಹೆಜ್ಜೆ

9:30ಕ್ಕೆ ಸಾರ್. ಅದಕ್ಕೇ ಆ ಕಡೆಯಿಂದ ಶುರು ಮಾಡುವ ಯೋಚನೆ ಬಿಟ್ಟಿದ್ದೆ.

ಅಳತೆಗೋಲು

ಹಾಗಾದರೆ ಕೇಳಿ. 14 ಕಿ.ಮೀ.ಗೆ ಅದೇ 2 ಗಂಟೆ 48 ನಿಮಿಷ. 820 ಮೀಟರ್ ಏರಿಗೆ 1 ಗಂಟೆ 22. ಒಟ್ಟು 4 ಗಂಟೆ 10 ನಿಮಿಷ. ಒಂದೂವರೆ ಪಟ್ಟು ಮಾಡಿದರೆ 6 ಗಂಟೆ 15 ನಿಮಿಷ. ಕೂರಲು ಒಂದು ಗಂಟೆ. ಪೇಟೆ ಮುಟ್ಟುವುದು 4:45ಕ್ಕೆ. ಬಸ್ಸಿನ ಚಿಂತೆ ಇಲ್ಲ, 8ರವರೆಗೂ ಇದೆ. ಆದರೆ ಹೊರಡುವುದು 1 ಗಂಟೆ 20 ನಿಮಿಷ ತಡವಾಯಿತು. ಬಸ್ಸಿನ ಗಡುವು ಹೋಗಿ ಸೂರ್ಯನ ಗಡುವು ಬಂತು. ಇದು ಉತ್ತಮ ಅಂತ ನನಗೆ ಇನ್ನೂ ಅನ್ನಿಸುತ್ತಿಲ್ಲ.

ಇಳಿಜಾರು

ಸೂರ್ಯ ತಪ್ಪಿದರೆ ಟಾರ್ಚ್ ಇದೆ ಸಾರ್. ಬಸ್ ತಪ್ಪಿದರೆ ಏನಿದೆ?

ಬಸ್ ಹಿಡಿಯುವ ಆತುರಕ್ಕೇ ಜನ ಬೀಳುವುದು. ನನ್ನದೇ ಕಥೆ ಹೇಳುತ್ತೇನೆ. ಕೆಳಗೆ ರಸ್ತೆ ಕಾಣುತ್ತಿತ್ತು, ದೂರದಲ್ಲಿ ಬಸ್ಸಿನ ಸದ್ದೂ ಕೇಳಿತು. ಇನ್ನು ಹತ್ತು ನಿಮಿಷದ ದಾರಿ. ಓಡಿದೆ. ಒದ್ದೆ ಬೇರಿನ ಮೇಲೆ ಕಾಲಿಟ್ಟೆ. ಮಣಿಕಟ್ಟು ಮುರಿಯಿತು. ಆಮೇಲೆ ಗೊತ್ತಾಯಿತು, ಅದು ಬಸ್ಸಲ್ಲ, ಲಾರಿ.

ಇನ್ನು 6:15 ಅಂದರೆ ಬಯಲಿನ ಲೆಕ್ಕ. ದಟ್ಟ ಮರದ ಕೆಳಗೆ ಅರ್ಧ ಗಂಟೆ ಮೊದಲೇ ಕಲ್ಲು ಯಾವುದು, ನೆರಳು ಯಾವುದು ಅಂತ ಕಾಣುವುದಿಲ್ಲ. ಹಾಗಾಗಿ ನಿಮ್ಮ ಕತ್ತಲೆ 5:45. ತಲೆಗೆ ಕಟ್ಟುವ ಟಾರ್ಚ್ ಇಬ್ಬರಿಗೂ ಒಂದೊಂದು ಇರಲಿ. ಫೋನಿನ ಬೆಳಕು ಟಾರ್ಚ್ ಅಲ್ಲ. ಒಂದು ಕೈ ಹಿಡಿದಿಡುತ್ತದೆ, ಬ್ಯಾಟರಿಯನ್ನೂ ತಿನ್ನುತ್ತದೆ.

ಕೊನೆಸೀಟು

ಅಳತೆಗೋಲು ಸಾರ್ ಒಂದು ಲಾಭ ಲೆಕ್ಕಕ್ಕೆ ಹಿಡಿಯಲಿಲ್ಲ. ತಿರುಗಿಸಿದ ಮೇಲೂ ಹಳ್ಳಿಯ 5:20ರ ಬಸ್ ಎಲ್ಲೂ ಹೋಗಿಲ್ಲ. ಮೊದಲು ಅದು ಗಡುವಾಗಿತ್ತು. ಈಗ ಅದು ಹಿಂಬಾಗಿಲು. ಹತ್ತುವಾಗ ಏನಾದರೂ ಎಡವಟ್ಟಾದರೆ ಬಂದ ದಾರಿಯಲ್ಲೇ ಇಳಿದು ಅದನ್ನು ಹಿಡಿಯಬಹುದು.

ಬೆಳಿಗ್ಗೆ ಇಳಿಯುವಾಗ ಕಂಡಕ್ಟರನ್ನೋ ಡ್ರೈವರನ್ನೋ ಕೇಳಿ: 'ಸಂಜೆ ಬಸ್ ಇದೆಯಾ, ಎಲ್ಲಿ ನಿಲ್ಲಬೇಕು?' ಬಹಳ ಸಲ ಅದೇ ಬಸ್ಸು, ಅದೇ ಡ್ರೈವರು ಸಂಜೆಯೂ ಬರುತ್ತಾರೆ. ಮುಖ ನೆನಪಿರುತ್ತದೆ. ನಿಲ್ಲುವ ಜಾಗ ರಸ್ತೆಯ ಯಾವ ಬದಿ ಅಂತ ಆಗಲೇ ನೋಡಿಕೊಳ್ಳಿ. ತಿರುವಿನ ಹಿಂದೆ ನಿಂತರೆ ಡ್ರೈವರಿಗೆ ಕಾಣುವುದಿಲ್ಲ, ಕಂಡರೂ ಬ್ರೇಕ್ ಹಾಕುವಷ್ಟು ಜಾಗ ಇರುವುದಿಲ್ಲ. ನೇರ ರಸ್ತೆ ಇರುವ ಕಡೆ ನಿಂತು ಕೈ ಮಾಡಿ. ಮಬ್ಬಾಗಿದ್ದರೆ ಟಾರ್ಚನ್ನು ನಿಮ್ಮ ಮೈಮೇಲೆ ಬಿಟ್ಟುಕೊಳ್ಳಿ, ಡ್ರೈವರಿನ ಕಣ್ಣಿಗೆ ಅಲ್ಲ.

ಹೊಸಹೆಜ್ಜೆ

ಹಿಂಬಾಗಿಲು ಅನ್ನುವ ಮಾತು ಮನಸ್ಸಿಗೆ ಹಿಡಿಸಿತು. ತಿರುಗಿಸುತ್ತೇನೆ. ಆದರೆ ಎಷ್ಟು ಹೊತ್ತಿನವರೆಗೆ ಆ ಬಾಗಿಲು ತೆಗೆದಿರುತ್ತದೆ?

ಅಳತೆಗೋಲು

ಒಳ್ಳೆಯ ಪ್ರಶ್ನೆ. ಬೆಟ್ಟದ ಬೆನ್ನಿನಿಂದ ಹಳ್ಳಿಗೆ ಇಳಿಯಲು ಎರಡೂವರೆ ಗಂಟೆ ಹಿಡಿಯಿರಿ. 4:50ಕ್ಕೆ ಸ್ಟಾಪಿನಲ್ಲಿ ಇರಬೇಕಾದರೆ ಮೇಲಿನಿಂದ 2:20ಕ್ಕೆ ಹೊರಡಬೇಕು. ಅದೇ ಬೆನ್ನಿನಿಂದ ಪೇಟೆ ಕಡೆ ಇಳಿಯಲು 3 ಗಂಟೆ 20 ನಿಮಿಷ, ಕೂರುವ ಹೊತ್ತೂ ಸೇರಿ. ಇಳಿಜಾರು ಅವರ 5:45ರ ಕತ್ತಲೆಗೆ ಮೊದಲು ಮುಟ್ಟಬೇಕಾದರೆ 2:25ಕ್ಕೆ ಹೊರಡಬೇಕು. ಎರಡೂ ಲೆಕ್ಕ ಹತ್ತಿರ ಹತ್ತಿರ ಬಂತು. ಸ್ವಲ್ಪ ಉಳಿಸಿಕೊಂಡು 2 ಗಂಟೆ ಅಂತ ಇಟ್ಟುಕೊಳ್ಳಿ. ನನ್ನ ಲೆಕ್ಕದಲ್ಲಿ ನೀವು 1:25ರೊಳಗೆ ಬೆನ್ನಿನ ಮೇಲೆ ಇರಬೇಕು. 2ಕ್ಕೂ ಇಲ್ಲದಿದ್ದರೆ ವಾಪಸ್.

ಇಳಿಜಾರು

ಮತ್ತೆ ಆ 2 ಗಂಟೆಯನ್ನು ಮನೆಯಲ್ಲೇ ಕಾಗದದಲ್ಲಿ ಬರೆದುಕೊಂಡು ಹೋಗಿ. ಮೇಲೆ ಹೋದ ಮೇಲೆ ನಿರ್ಧಾರ ಮಾಡಲು ಹೊರಟರೆ 'ಇನ್ನೊಂದು ಹತ್ತು ನಿಮಿಷ' ಶುರುವಾಗುತ್ತದೆ. ಆ ಹತ್ತು ನಿಮಿಷಕ್ಕೆ ಮಕ್ಕಳು ಮೊಮ್ಮಕ್ಕಳು ಹುಟ್ಟುತ್ತವೆ.

ಎಲೆಮರೆ

ಮ್ಯಾಪಿನಲ್ಲಿ ದಾರಿ ಸ್ಪಷ್ಟವಾಗಿದೆಯಾ ಅಂತ ಇನ್ನೊಮ್ಮೆ ನೋಡಿ. ದೂರದ ಬೆಟ್ಟ ನುಣ್ಣಗೆ ಅಂತಾರೆ, ಮ್ಯಾಪಿನ ಬೆಟ್ಟ ಇನ್ನೂ ನುಣ್ಣಗೆ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಜನರೇ ಸೇರಿ ಬಿಡಿಸಿದ ನಕಾಶೆ. ಬಹಳ ಚಾರಣದ ಆ್ಯಪುಗಳು ಅದನ್ನೇ ತೋರಿಸುತ್ತವೆ. ಯಾರೋ ಎಂದೋ ನಡೆದು ಎಳೆದ ಗೆರೆ ಅಲ್ಲಿ ಹಾಗೇ ಇರುತ್ತದೆ. ದಾರಿ ಮಾತ್ರ ಎರಡು ಮಳೆಗಾಲಕ್ಕೆ ಪೊದೆಯಾಗಿರಬಹುದು. ದಾರಿ ಎಷ್ಟು ಕಷ್ಟ, ಕಣ್ಣಿಗೆ ಎಷ್ಟು ಕಾಣುತ್ತದೆ ಅಂತ ದಾಖಲಿಸುವ ಅಂಕಣಗಳೂ ಅದರಲ್ಲಿವೆ. ತುಂಬಿದ್ದರೆ ಓದಿ.

ಎತ್ತರ ತೋರಿಸುವ ಗೆರೆಗಳನ್ನೂ ನೋಡಿ, ಶಾಲೆಯಲ್ಲಿ ಸಮೋನ್ನತಿ ರೇಖೆ ಅಂತ ಓದಿದ್ದೆವಲ್ಲ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದು. ನಿಮ್ಮ ಕಾಲುದಾರಿ ಆ ಗೆರೆಗಳನ್ನು ನೇರವಾಗಿ ಕತ್ತರಿಸಿದರೆ ಕೈಯೂ ಬಳಸಿ ಹತ್ತಬೇಕಾದೀತು. ಹಾವಿನಂತೆ ಸುತ್ತಿದರೆ ಉಸಿರಾಡಬಹುದು.

ಫೋನಿಗೆ ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್ ನಡೆಯುತ್ತದೆ. ಅದಕ್ಕೆ ಬೇಕಾದದ್ದು ಟವರ್ ಅಲ್ಲ, ಆಕಾಶ. ಮ್ಯಾಪನ್ನು ಮಾತ್ರ ಮೊದಲೇ ಇಳಿಸಿಕೊಂಡಿರಬೇಕು. ಒದ್ದೆ ಎಲೆಗಳ ಕೆಳಗೆ, ಕಣಿವೆಯ ಗೋಡೆಯ ಪಕ್ಕದಲ್ಲಿ ಚುಕ್ಕಿ ಅತ್ತಿತ್ತ ಜಿಗಿಯುತ್ತದೆ. ಜಿಗಿದ ಕೂಡಲೇ ಅದರ ಹಿಂದೆ ಪೊದೆಗೆ ನುಗ್ಗಬೇಡಿ. ಒಂದು ನಿಮಿಷ ನಿಂತು ನೋಡಿ. ಫೋನನ್ನು ಫ್ಲೈಟ್ ಮೋಡಿಗೆ ಹಾಕಿ. ಕಾಡಿನಲ್ಲಿ ಬ್ಯಾಟರಿ ಕುಡಿಯುವುದು ಇಲ್ಲದ ಟವರನ್ನು ಹುಡುಕುವ ಕೆಲಸ.

ದಾರಿ ತಪ್ಪಿದರೆ ಕೊನೆಯ ಸಲ ಖಾತ್ರಿಯಿದ್ದ ಜಾಗಕ್ಕೆ ವಾಪಸ್ ಹೋಗಿ. ನೀರಿನ ಜಾಡು ಹಿಡಿದರೆ ಊರು ಸಿಗುತ್ತದೆ ಅಂತ ಇಳಿಯಬೇಡಿ. ಹಳ್ಳ ನಮಗಿಂತ ಸಲೀಸಾಗಿ ಬಂಡೆ ಹಾರುತ್ತದೆ. ಕೆಲಸ ಹಳ್ಳ ಹಿಡಿಯಿತು ಅನ್ನುವ ಮಾತು ಸುಮ್ನೆ ಹುಟ್ಟಿಲ್ಲ.

ಮೋಡಗಣ್ಣು

ಹವಾಮಾನದ ಬಗ್ಗೆ ಎರಡು ಮಾತು. ಊರಿನ ಮುನ್ಸೂಚನೆ ಊರಿಗೆ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಕಮ್ಮಿ. ನಿಮ್ಮ 820ಕ್ಕೆ ಐದು ಡಿಗ್ರಿ ಹಿಡಿಯಿರಿ. ಬೆವರಿನಲ್ಲಿ ತೊಯ್ದ ಬಟ್ಟೆ, ಮೇಲೆ ಬೆಟ್ಟದ ಬೆನ್ನಿನ ಗಾಳಿ. ಚಳಿ ಹಿಡಿಯಲು ಅಷ್ಟು ಸಾಕು. ಒಣ ಬಟ್ಟೆ ಒಂದು ಜೊತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ.

ಮಿಂಚು ಕಂಡರೆ ಎಣಿಸಿ. ಶಬ್ದ ಒಂದು ಕಿ.ಮೀ. ಬರಲು ಸುಮಾರು 3 ಸೆಕೆಂಡು. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಅದು 10 ಕಿ.ಮೀ. ಒಳಗಿದೆ, ಬಯಲಿನಲ್ಲಿ ಇರಬಾರದು. ಬೆನ್ನಿನ ಮೇಲಿದ್ದರೆ ತಕ್ಷಣ ಇಳಿಯಿರಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಾಯಬೇಕು, ಅದನ್ನೂ ನಿಮ್ಮ ಸಮಯದ ಲೆಕ್ಕದಿಂದ ಕಳೆಯಿರಿ. ಇನ್ನು, ಬಸ್ ಸ್ಟಾಪಿನ ತೆರೆದ ಸೂರು ಮಳೆಗೆ ಆಸರೆ, ಸಿಡಿಲಿಗೆ ಅಲ್ಲ. ಬಾಗಿಲು ಕಿಟಕಿ ಮುಚ್ಚಿದ ಬಸ್ಸೇ ಸುರಕ್ಷಿತ.

ಸ್ವಂತಗಾಡಿ

ನಾನೂ ಒಂದು ಉಪಯೋಗಕ್ಕೆ ಬರುವ ಮಾತು ಹೇಳುತ್ತೇನೆ. ನಮ್ಮ ಕಾರು ಕಾಡಿನ ಬಾಯಲ್ಲಿ ನಿಂತಿರುತ್ತದೆ. ರಾತ್ರಿಯಾದರೂ ಅಲ್ಲೇ ಇದ್ದರೆ ಯಾರಿಗಾದರೂ ಅನುಮಾನ ಬರುತ್ತದೆ, ಒಳಗೆ ಯಾರೋ ಇದ್ದಾರೆ ಅಂತ. ಬಸ್ಸಿನವರದ್ದು ಹಾಗಲ್ಲ. ಬಸ್ ಇಳಿಸಿ ಹೋಯಿತು, ನೀವು ಕಾಡಿಗೆ ಹೋದಿರಿ, ಗುರುತೇ ಇಲ್ಲ.

ಇಳಿಜಾರು

ಸ್ವಂತಗಾಡಿಯವರೇ, ಈ ಚರ್ಚೆಯಲ್ಲಿ ಬಂದ ಅತಿ ಮುಖ್ಯ ಮಾತು ಇದು. ಇಷ್ಟು ವರ್ಷ ನಡೆದವನಿಗೂ ನನಗೆ ಹೊಳೆದಿರಲಿಲ್ಲ.

ಹೊಸಹೆಜ್ಜೆ, ಮನೆಯಲ್ಲಿ ಬರೆದಿಟ್ಟು ಹೋಗಿ. ಯಾವ ಬಸ್ಸು, ಎಲ್ಲಿ ಇಳಿಯುತ್ತೀರಿ, ಯಾವ ದಾರಿ, ಎಲ್ಲಿ ಹೊರಬರುತ್ತೀರಿ, ಯಾವ ಕಾರಣಕ್ಕೆ ವಾಪಸ್ ಬರಬಹುದು, ಎಷ್ಟು ಹೊತ್ತಾದರೂ ಫೋನ್ ಬರದಿದ್ದರೆ ಯಾರಿಗೆ ಹೇಳಬೇಕು. ಕಾಡಿಗೆ ಹೋಗಲು ಅನುಮತಿ ಬೇಕಿದ್ದರೆ ಅದನ್ನೂ ಮೊದಲೇ ವಿಚಾರಿಸಿ. ಕುತ್ತಿಗೆಗೊಂದು ಸೀಟಿ ಇರಲಿ. ಆಲ್ಪ್ಸ್ ಕಡೆಯಿಂದ ಬಂದ ಪದ್ಧತಿ ಒಂದಿದೆ: ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರ ಕೊಡುತ್ತಾರೆ. ಗಂಟಲು ಬೇಗ ಸೋಲುತ್ತದೆ, ಸೀಟಿ ಸೋಲುವುದಿಲ್ಲ.

ಮಂಡಿನೋವು

ಜಿಗಣೆ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಒದ್ದೆ ಕಾಡಾದರೆ ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿ. ಹತ್ತಿದರೆ ಬೆಂಕಿ ತೋರಿಸಬೇಡಿ, ಉಪ್ಪು ಸುರಿಯಬೇಡಿ. ಉಗುರನ್ನು ಅದರ ಬಾಯಿ ಹತ್ತಿರ ಚರ್ಮಕ್ಕೆ ಒತ್ತಿ ಪಕ್ಕಕ್ಕೆ ಸರಿಸಿ, ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಜೊಲ್ಲಿನಲ್ಲಿದೆ. ಅದಕ್ಕೇ ಕಿತ್ತ ಮೇಲೂ ಸ್ವಲ್ಪ ಹೊತ್ತು ಸೋರುತ್ತಿರುತ್ತದೆ. ಗಾಬರಿ ಬೇಡ.

ಕೊನೆಸೀಟು

ಕಡೆಯದಾಗಿ ಬಸ್ಸಿನ ಒಳಗಿನ ಮಾತು. ಒಂದು ಜೊತೆ ಚಪ್ಪಲಿ, ಒಂದು ಹಳೆ ಚೀಲ ಇಟ್ಟುಕೊಳ್ಳಿ. ಕೆಸರಿನ ಶೂ ಚೀಲಕ್ಕೆ, ಕಾಲು ಚಪ್ಪಲಿಗೆ. ಬೆನ್ನಿನ ಚೀಲ ಹಾಕಿಕೊಂಡೇ ತಿರುಗಬೇಡಿ, ಕೂತವರ ಮೂತಿಗೆ ಬಡಿಯುತ್ತದೆ. ನಮಗೆ ಅದು ರಜೆಯ ಬಸ್ಸು, ಉಳಿದವರಿಗೆ ದಿನದ ಬಸ್ಸು.

ಹೊಸಹೆಜ್ಜೆ

ಎಲ್ಲರಿಗೂ ಧನ್ಯವಾದ. ಶನಿವಾರ ಹೊರಟಿದ್ದೇವೆ. ಬಂದು ಬರೆಯುತ್ತೇನೆ.

ಹೊಸಹೆಜ್ಜೆ

ಬಂದೆವು. ಆದರೆ ಬೆಟ್ಟ ದಾಟಲಿಲ್ಲ.

ಹಳ್ಳಿಯಲ್ಲಿ 9:35ಕ್ಕೆ ಇಳಿದೆವು. ಡ್ರೈವರನ್ನು ಕೇಳಿದೆ, ಸಂಜೆಯೂ ಅವರದ್ದೇ ಬಸ್ಸು. 'ಅಲ್ಲಿ ಹುಣಸೆ ಮರದ ಹತ್ತಿರ ನಿಲ್ಲಿ, ಇಲ್ಲಿ ತಿರುವು' ಅಂದರು. ಮೊದಲ ಎರಡು ಗಂಟೆ ಬಹಳ ಚೆನ್ನಾಗಿತ್ತು. ಅಳತೆಗೋಲು ಸಾರ್ ಲೆಕ್ಕಕ್ಕಿಂತ ಹತ್ತು ನಿಮಿಷ ಮುಂದಿದ್ದೆವು. ಆಮೇಲೆ ಒಂದು ದೊಡ್ಡ ಮರ ದಾರಿಗೆ ಅಡ್ಡ ಬಿದ್ದಿತ್ತು, ಕೊಂಬೆ ಬಳ್ಳಿ ಎಲ್ಲ ಸೇರಿ. ಸುತ್ತಿ ಬರಲು ಹೋಗಿ ದಾರಿ ಕೈಬಿಟ್ಟೆವು. ಅಷ್ಟರಲ್ಲಿ ಮಂಜು ಇಳಿಯಿತು. ಫೋನಿನ ಚುಕ್ಕಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ನಿಂತು ನೋಡಿ ವಾಪಸ್ ಮರದ ಹತ್ತಿರ ಬಂದು ಮತ್ತೆ ಹುಡುಕಿದೆವು. ಇದಕ್ಕೇ ಐವತ್ತು ನಿಮಿಷ ಹೋಯಿತು.

1:55ಕ್ಕೆ ಬೆನ್ನಿಗೆ ಇನ್ನೂ 110 ಮೀಟರ್ ಏರು ಬಾಕಿ. ಗೆಳತಿ 'ಇನ್ನೊಂದು ಹತ್ತು ನಿಮಿಷ' ಅಂದಳು. ಇಬ್ಬರಿಗೂ ನಗು ಬಂತು. ಚೀಟಿ ತೆಗೆದು ನೋಡಿದೆ. ತಿರುಗಿದೆವು.

4:15ಕ್ಕೆ ಹುಣಸೆ ಮರದ ಕೆಳಗಿದ್ದೆವು. 5:20 ಆಯಿತು, ಬಸ್ಸಿಲ್ಲ. 5:25 ಆಯಿತು. 5:30 ಆಯಿತು. ಹೊಟ್ಟೆಯಲ್ಲಿ ಏನೋ ಒಂಥರಾ. 5:34ಕ್ಕೆ ಬಂತು.

ಅಳತೆಗೋಲು

ಒಂದು ಮಾತು ಹೇಳಲೇಬೇಕು, ಬೇಸರ ಮಾಡಿಕೊಳ್ಳಬೇಡಿ. ಮೊದಲಿನ ದಿಕ್ಕಿನಲ್ಲೇ ಹೋಗಿದ್ದರೆ ಆ ಮರ ಇಳಿಯುವಾಗ ಸಿಗುತ್ತಿತ್ತು. ಐವತ್ತು ನಿಮಿಷ ಕಳೆದರೂ 4:25ಕ್ಕೆ ಹಳ್ಳಿಯಲ್ಲಿ ಇರುತ್ತಿದ್ದಿರಿ. ಬೆಟ್ಟ ದಾಟಿದ ಹಾಗೂ ಆಗುತ್ತಿತ್ತು, ಅದೇ 5:34ರ ಬಸ್ಸೂ ಸಿಗುತ್ತಿತ್ತು.

ಇಳಿಜಾರು

ಐವತ್ತು ನಿಮಿಷಕ್ಕೇ ಮುಗಿಯುತ್ತಿತ್ತು ಅಂತ ಹೇಗೆ ಹೇಳುತ್ತೀರಿ ಸಾರ್? ಮಂಜಿನಲ್ಲಿ, ಕಡಿದಾದ ಇಳಿತದಲ್ಲಿ, ನೋಡದ ದಾರಿಯಲ್ಲಿ, ಹಿಂದೆ 9 ಕಿ.ಮೀ. ಮುಂದೆ ಕೊನೇ ಬಸ್ಸು. ಹತ್ತುವಾಗ ಸಿಕ್ಕಿದ್ದಕ್ಕೆ ಸಮಾಧಾನವಾಗಿ ಹುಡುಕಿದರು.

ಅಳತೆಗೋಲು

ಇರಬಹುದು. ಲೆಕ್ಕದಲ್ಲಿ ಮಂಜು ಹಾಕುವುದು ಹೇಗೆ ಅಂತ ನನಗೆ ಬರುವುದಿಲ್ಲ.

ಎಲೆಮರೆ

ಆ ಮರ ಬಿದ್ದ ಜಾಗ ಗುರುತು ಮಾಡಿಕೊಂಡಿದ್ದೀರಾ? ನಕಾಶೆಗೆ ಸೇರಿಸಿದರೆ ಮುಂದೆ ಹೋಗುವವರಿಗೆ ಅನುಕೂಲ.

ಹೊಸಹೆಜ್ಜೆ

ಮಾಡಿದ್ದೇನೆ, ಇವತ್ತು ರಾತ್ರಿ ಸೇರಿಸುತ್ತೇನೆ. ಸುತ್ತಿ ಬರಲು ಎಡಗಡೆ ಸುಲಭ, ಬಲಗಡೆ ಬಿದಿರು ಮೆಳೆ. ಮುಂದಿನ ತಿಂಗಳು ಮತ್ತೆ ಹೋಗುತ್ತೇವೆ, ಅದೇ ದಿಕ್ಕಿನಲ್ಲಿ.

ಕೊನೆಸೀಟು

ಅಲ್ಲ ಮೇಡಂ, 4:15ರಿಂದ 5:34ರವರೆಗೆ ಏನು ಮಾಡಿದಿರಿ?

ಹೊಸಹೆಜ್ಜೆ

ಸಾಕ್ಸ್ ಬಿಚ್ಚಿ ಜಿಗಣೆ ಎಣಿಸಿದೆವು. ನನಗೆ ನಾಲ್ಕು, ಅವಳಿಗೆ ಹನ್ನೊಂದು.